ಐವತ್ತನಾಲ್ಕು ತೋರಿಸಿದ ಪೆಟ್ಟಿಗೆ

“ತೆಂಗಳಿಯ ಹೊಸ ಮನೆಯ ಭಜನೆಯಲ್ಲಿ, ನಡುರಾತ್ರಿ, ಸತ್ತುಹೋದ ತಬಲಾ ಧೂಳಪ್ಪ ಬಂದು ಗಿಟಾರಿನ ಪೆಟ್ಟಿಗೆಯನ್ನು ಒತ್ತಿ ಹೋದ. ಗಿಟಾರಿನ ಮುದುಕ ಎಚ್ಚರ ತಪ್ಪಿ ಬಿದ್ದ.” ಶಹಾಬಾದ, ವಾಡಿ, ಚಿತ್ತಾಪುರಗಳ ಭಜನಾ ಮಂಡಳಿಗಳಲ್ಲಿ ಈ ಕತೆ ಈಗ ಹೀಗೆಯೇ ಓಡಾಡುತ್ತಿದೆ. ಸೇಡಂನಲ್ಲಿ ಇದಕ್ಕೆ ಒಂದು ಬಿಳಿ ಧೋತರವೂ ಸೇರಿಕೊಂಡಿದೆ. ಚಿಂಚೋಳಿಯನ್ನು ಮುಟ್ಟುವಷ್ಟರಲ್ಲಿ ಧೂಳಪ್ಪ ಪೆಟ್ಟಿಗೆಯನ್ನು ಒತ್ತಿದ್ದಷ್ಟೇ ಅಲ್ಲ, ಮನೆಯ ಯಜಮಾನನನ್ನು ಹೆಸರು ಹಿಡಿದು ಕರೆದು ಹೋಳಿಗೆಯನ್ನೂ ಕೇಳಿದ್ದಾನೆ.

ಆ ಗಿಟಾರಿನ ಮುದುಕ ನಾನು. ನಾನು ಎಚ್ಚರ ತಪ್ಪಲಿಲ್ಲ. ನುಡಿಸುವುದನ್ನು ಕೂಡ ನಿಲ್ಲಿಸಲಿಲ್ಲ. ಅದು ನಡುರಾತ್ರಿಯಲ್ಲ, ದೀಪ ಹಚ್ಚುವ ಹೊತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಧೂಳಪ್ಪ ಅಂದು ಸತ್ತಿರಲಿಲ್ಲ, ಇಂದಿಗೂ ಸತ್ತಿಲ್ಲ. ಭಂಕೂರಿನಲ್ಲಿ ತನ್ನ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು, ಹೋಗಿಬರುವವರನ್ನು ಕರೆದು ಮಾತಾಡಿಸುತ್ತಾನೆ. ಇಷ್ಟು ತಪ್ಪುಗಳನ್ನು ತೆಗೆದುಹಾಕಿದ ಮೇಲೆ ಕತೆಯಲ್ಲಿ ಏನೂ ಉಳಿಯಬಾರದಿತ್ತು. ಆದರೆ ಏನೋ ಒಂದು ಉಳಿದಿದೆ. ಅದನ್ನು ಬರೆದಿಡಲೆಂದೇ ಈ ಲೇಖನ.

ನಾನು ಸುಲಭವಾಗಿ ನಂಬುವವನಲ್ಲ ಎಂಬುದನ್ನು ಓದುಗರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಶಾಲೆ ಏಳನೆಯ ಇಯತ್ತೆಗೆ ಮುಗಿಯಿತು. ಅಲ್ಲಿಂದ ಮುಂದಿನದನ್ನೆಲ್ಲ ನಾನೇ ಕಲಿತೆ. ಸಿಮೆಂಟ್ ಕಾರ್ಖಾನೆಯೊಂದರ ವಿದ್ಯುತ್ ವಿಭಾಗದಲ್ಲಿ ದುಡಿಯುತ್ತ, ಯಂತ್ರಗಳ ಜೊತೆ ಬರುವ ಇಂಗ್ಲಿಷ್ ಪುಸ್ತಿಕೆಗಳನ್ನು ನಿಘಂಟು ಇಟ್ಟುಕೊಂಡು ಓದಿದೆ. ಹಾಗೆ ಓದಿ ಕಲಿತವನಿಗೆ ಒಂದು ರೂಢಿ ಬೀಳುತ್ತದೆ: ಯಾರು ಏನೇ ಹೇಳಲಿ, ತೆರೆದು ನೋಡದೆ ಒಪ್ಪುವುದಿಲ್ಲ. ಊರಿನವರು ದೆವ್ವದ ಬೆಳಕೆಂದು ಅಂಜುತ್ತಿದ್ದದ್ದು ಸಡಿಲವಾದ ತಂತಿಯ ಕಿಡಿ ಎಂದು ಕಂಬ ಹತ್ತಿ ತೋರಿಸಿಕೊಟ್ಟವನು ನಾನು. ಇಂಥ ಅನುಭವಗಳನ್ನು ಬರೆಯುವವರ ಬಗ್ಗೆ ನನಗೆ ಹೆಚ್ಚಿನ ಗೌರವ ಇರಲಿಲ್ಲ.

ಗಿಟಾರನ್ನು ಹರೆಯದಲ್ಲಿ ಮದುವೆಗಳ ಆರ್ಕೆಸ್ಟ್ರಾದಲ್ಲಿ ಕಲಿತೆ. ನಿವೃತ್ತಿಯಾದ ಮೇಲೆ ಶಹಾಬಾದಿನ ನಮ್ಮ ಓಣಿಯ ಭಜನಾ ಮಂಡಳಿಗೆ ಸೇರಿದೆ. ಏಕತಾರಿಯ ಪಕ್ಕದಲ್ಲಿ ಗಿಟಾರ್ ಏಕೆಂದು ಕೆಲವರು ಮೂಗು ಮುರಿದರು. ನಮ್ಮ ಮುಖ್ಯ ಗಾಯಕಿ ಗುರುಬಾಯಿ ಅಕ್ಕ “ತಂತಿ ತಂತೀನs ಅಲ್ಲೇನು” ಎಂದು ಆ ಮಾತನ್ನು ಮುಗಿಸಿದಳು. ನನ್ನ ಅಳಿಯ ಹೈದರಾಬಾದಿನಿಂದ ಒಂದು ಡಿಜಿಟಲ್ ಪ್ರೊಸೆಸರ್ ತಂದುಕೊಟ್ಟ. ಗಿಟಾರಿನ ನಾದವನ್ನು ಬೇಕಾದಂತೆ ಬದಲಿಸುವ, ಊಟದ ತಟ್ಟೆಯಷ್ಟು ಅಗಲದ ಪೆಟ್ಟಿಗೆ ಅದು. ಅದರಲ್ಲಿ ನನಗೆ ತುಂಬ ಹಿಡಿಸಿದ್ದು ಡಿಲೇ, ಅಂದರೆ ಮಾರ್ದನಿ. ಒಂದು ಸ್ವರ ಮೀಟಿದರೆ ಅದೇ ಸ್ವರ ತುಸು ಹೊತ್ತಿನ ಮೇಲೆ ಮೆಲ್ಲಗೆ ಮರಳಿ ಬರುತ್ತದೆ, ಮತ್ತೆ ಇನ್ನೂ ಮೆಲ್ಲಗೆ ಬರುತ್ತದೆ.

ಈ ಮಾರ್ದನಿ ಹಾಡಿನ ನಡಿಗೆಗೆ ಸರಿಯಾಗಿ ಬೀಳಬೇಕು. ಇಲ್ಲವಾದರೆ ಒಬ್ಬನು ಹಿಂದೆ ನಿಂತು ಅಣಕಿಸಿದಂತೆ ಕೇಳುತ್ತದೆ. ಅದಕ್ಕಾಗಿ ಪೆಟ್ಟಿಗೆಯಲ್ಲಿ ಟ್ಯಾಪ್ ಎಂಬ ಗುಂಡಿ ಇದೆ. ಹಾಡಿನ ಮಾತ್ರೆಗಳಿಗೆ ಸರಿಯಾಗಿ ಅದನ್ನು ಕಾಲಿನಿಂದ ಒತ್ತಿದರೆ ಪೆಟ್ಟಿಗೆ ವೇಗವನ್ನು ಹಿಡಿದುಕೊಂಡು, ನಿಮಿಷಕ್ಕೆ ಎಷ್ಟು ಎಂದು ಪರದೆಯ ಮೇಲೆ ತೋರಿಸಿ, ಒಂದು ಕೆಂಪು ದೀಪವನ್ನು ಅದೇ ವೇಗದಲ್ಲಿ ಮಿನುಗಿಸುತ್ತದೆ. ಮಾರ್ದನಿ ಅದರ ಹಿಂದೆಯೇ ನಡೆಯುತ್ತದೆ.

ಧೂಳಪ್ಪ ನಮ್ಮ ಮಂಡಳಿಯ ತಬಲಾದವನು, ನನ್ನ ಸರೀಕ. ಅವನ ಕಸಬು ಕಲ್ಲಿನದು. ನಮ್ಮ ಕಡೆಯ ಹಾಸುಗಲ್ಲಿನ ಅಂಚನ್ನು ಉಳಿಯಿಂದ ಕೆತ್ತಿ ನೆಲಕ್ಕೆ ಹಾಸುವುದರಲ್ಲಿ ಅವನ ಕೈಯನ್ನು ಜನ ಹುಡುಕಿಕೊಂಡು ಬರುತ್ತಿದ್ದರು. ಭಜನೆಯಲ್ಲಿ ನಾವು ನೆಲದ ಮೇಲೆ ಕುಳಿತುಕೊಳ್ಳುವವರು. ಕಾಲು ಮಡಚಿ ಕುಳಿತವನು ಕಾಲಿನಿಂದ ಒತ್ತುವುದು ಹೇಗೆ? ಹೀಗಾಗಿ ಪೆಟ್ಟಿಗೆ ನಮ್ಮಿಬ್ಬರ ನಡುವೆ ಇರುತ್ತಿತ್ತು ಮತ್ತು ಧೂಳಪ್ಪ ಅದನ್ನು ಒತ್ತುವ ಹಕ್ಕು ತನ್ನದೆಂದು ತಿಳಿದಿದ್ದ. ತಾಳ ತಬಲಾದವನ ಸೊತ್ತು ಎಂಬುದು ಅವನ ವಾದ.

ಇಲ್ಲಿ ಅವನು ಮಾಡುತ್ತಿದ್ದ ತಪ್ಪನ್ನು ವಿವರಿಸಬೇಕು. ನಮ್ಮ ಭಜನೆಯ ಪದಗಳಲ್ಲಿ ಹಲವು ಏಳು ಮಾತ್ರೆಯ ನಡೆಯವು. ಅವಕ್ಕೆ ತಾಳ ಹಾಕುವಾಗ ಒಂದು ಏಟಿನ ಮೇಲೆ ಮೂರು ಮಾತ್ರೆ, ಇನ್ನೊಂದರ ಮೇಲೆ ಎರಡು, ಮತ್ತೊಂದರ ಮೇಲೆ ಎರಡು. ಮೂರೇಟಿಗೆ ಒಂದು ಆವರ್ತನ. ಶಾಸ್ತ್ರ ಬಲ್ಲವರು ಇದರಲ್ಲಿ ಮೊದಲನೆಯದು ಖಾಲಿ, ಅಂದರೆ ಏಟಿಲ್ಲದ್ದು, ಎನ್ನುತ್ತಾರೆ; ಭಜನೆಯವರು ಆ ಮಾತು ಕೇಳುವುದಿಲ್ಲ. ಗುಂಡಿಯನ್ನು ಒಂದೊಂದು ಮಾತ್ರೆಗೆ ಒಂದೊಂದು ಸಲ, ಸಮನಾಗಿ ಒತ್ತಬೇಕು. ಧೂಳಪ್ಪ ಮಾತ್ರ ತಾಳ ಹಾಕಿದಂತೆಯೇ ಒತ್ತುತ್ತಿದ್ದ: ಒಂದು ಉದ್ದ, ಎರಡು ಗಿಡ್ಡ. ಕಾರ್ಖಾನೆಯ ಯಾವ ಹುಡುಗನೂ, ಆರ್ಕೆಸ್ಟ್ರಾದ ಯಾವ ಕಲಾವಿದನೂ ಹಾಗೆ ಒತ್ತುವುದನ್ನು ನಾನು ಕಂಡಿಲ್ಲ. ಅದು ತಪ್ಪೆಂದು ನಾನು ಪುಸ್ತಿಕೆ ತೆರೆದು ತೋರಿಸಿದೆ.

“ತಾಳ ಹಾಕೋದು ಹಿಂಗs, ಮಿಸ್ತ್ರಿ,” ಎಂದ ಧೂಳಪ್ಪ. “ಪೆಟ್ಟಿಗಿಗಿ ತಿಳೀಲಿಲ್ಲಂದ್ರ ಪೆಟ್ಟಿಗಿಗಿ ಕಲಸು. ನನಗ್ಯಾಕ ಕಲಸಾಕತ್ತಿ?”

ಅವನು ಒತ್ತಿದಾಗ ಬರುತ್ತಿದ್ದ ಮಾರ್ದನಿ ವಿಲಕ್ಷಣವಾಗಿತ್ತು. ಅದು ಯಾವ ಮಾತ್ರೆಯ ಮೇಲೂ ಬೀಳದೆ, ಎರಡು ಮಾತ್ರೆಗಳ ಸಂದಿನಲ್ಲಿ ನಡೆದು, ಆವರ್ತನದ ಮೊದಲಿಗೆ, ಅಂದರೆ ಸಮಕ್ಕೆ, ಮಾತ್ರ ತಪ್ಪದೆ ಬಂದು ಕೂಡುತ್ತಿತ್ತು. ಏಕೆಂದು ನನಗೆ ಹೊಳೆಯದೆ ಒಂದು ಮಧ್ಯಾಹ್ನ ಲೆಕ್ಕ ಹಾಕಿ ಕುಳಿತೆ. ಪೆಟ್ಟಿಗೆ ಕೊನೆಯ ನಾಲ್ಕು ಒತ್ತುಗಳ ನಡುವಿನ ಮೂರು ಅಂತರಗಳ ಸರಾಸರಿ ತೆಗೆಯುತ್ತದೆ. ಧೂಳಪ್ಪನ ಅಂತರಗಳು ಮೂರು, ಎರಡು, ಎರಡು. ಎಲ್ಲಿಂದ ಎಣಿಸತೊಡಗಿದರೂ ಮೂರು ಅಂತರ ಕೂಡಿದರೆ ಏಳು. ಹೀಗಾಗಿ ಅವನ ತಪ್ಪು ಪ್ರತಿ ಸಲವೂ ಏಳು ಮಾತ್ರೆಯನ್ನು ಮೂರು ಸಮಪಾಲು ಮಾಡುತ್ತಿತ್ತು. ನಾವು ಹಾಡುತ್ತಿದ್ದದ್ದು ನಿಮಿಷಕ್ಕೆ ನೂರಾ ನಲವತ್ತು ಮಾತ್ರೆಯ ವೇಗದಲ್ಲಿ. ಅವನು ಒತ್ತಿದರೆ ಪರದೆ ಅರವತ್ತು ತೋರಿಸುತ್ತಿತ್ತು.

ಲೆಕ್ಕವನ್ನು ಅವನಿಗೆ ಹೇಳಿದೆ. ಅವನು ಎಲೆಯಡಿಕೆ ಅಗಿಯುತ್ತ, ಹಾಗಾದರೆ ಸರಿಯೇ ಆಯಿತಲ್ಲ ಎಂದ. ಲೆಕ್ಕ ಕೂಡುತ್ತದೆ ಎಂದ ಮಾತ್ರಕ್ಕೆ ಪದ್ಧತಿ ಸರಿಯಾಗುವುದಿಲ್ಲ ಎಂದು ನಾನು. ಗುರುಬಾಯಿ ಅಕ್ಕ ಯಾರ ಪಕ್ಷವನ್ನೂ ವಹಿಸಲಿಲ್ಲ. “ತಮ್ಮಾ, ಸರಿ ತಪ್ಪು ನೀವs ನೋಡಕೋರಿ,” ಎಂದಳು. “ಅವ ಒತ್ತಿದ್ರ ನಾ ಕಣ್ಣ ಮುಚ್ಚಿ ಹಾಡಬೌದು. ಸಮ ತಾನs ಬಂದು ಕೈ ಹಿಡೀತದ.” ಆದರೂ ನಾನು ಬಿಡಲಿಲ್ಲ. ನಾನು ಸರಿಮಾಡಿ ಇಡುತ್ತಿದ್ದೆ. ನಾನು ತಂತಿ ಬಿಗಿಯಲು ಬಗ್ಗಿದಾಗ ಅವನು ತನ್ನಂತೆ ಒತ್ತಿಬಿಡುತ್ತಿದ್ದ. ಮಂಡಳಿಗೆ ಇದೊಂದು ತಮಾಷೆಯಾಗಿತ್ತು. ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ತುಂಬುತ್ತದೆ.

ಒಂದು ದಿನ ಕಲ್ಲು ಕೆತ್ತುತ್ತಿದ್ದವನ ಕೈಯಿಂದ ಸುತ್ತಿಗೆ ಜಾರಿತು. ಎತ್ತಿಕೊಳ್ಳಲು ಹೋದರೆ ಕೈ ಏಳಲಿಲ್ಲ. ಕಲಬುರಗಿಯ ಆಸ್ಪತ್ರೆಗೆ ಒಯ್ದರು. ಬಲಭಾಗಕ್ಕೆ ಲಕ್ವಾ ಹೊಡೆದಿತ್ತು. ಮಾತು ಸುಧಾರಿಸುತ್ತದೆ, ನಡೆಯಲೂಬಹುದು, ಕೈಯ ಬಗ್ಗೆ ಏನನ್ನೂ ಹೇಳಲಾಗದು ಎಂದರು ಡಾಕ್ಟರರು. ಬೇರೆಯವರಿಗೆ ಅದು ಒಂದು ಕೈ. ಧೂಳಪ್ಪನಿಗೆ ಸುತ್ತಿಗೆಯೂ ಅದರಲ್ಲೇ, ತಬಲಾವೂ ಅದರಲ್ಲೇ. ನಾನು ನೋಡಲು ಹೋದಾಗ ಅವನು ಆ ಕೈಯನ್ನು, ಯಾರೋ ಮರೆತು ಬಿಟ್ಟುಹೋದ ಸಾಮಾನನ್ನು ನೋಡುವಂತೆ ನೋಡುತ್ತಿದ್ದ. ಹೆಂಡತಿ ನೀಲಮ್ಮ ಅದರ ಬೆರಳುಗಳನ್ನು ಒಂದೊಂದಾಗಿ ತಿಕ್ಕುತ್ತ ಕುಳಿತಿದ್ದಳು.

ತೆಂಗಳಿಯ ಭಜನೆಯನ್ನು ಅದಕ್ಕೂ ಮೊದಲೇ ಒಪ್ಪಿಕೊಂಡಿದ್ದೆವು. ಅಲ್ಲಿ ಒಂದು ಹೊಸ ಮನೆ. ಅದರ ನೆಲಗಲ್ಲನ್ನು ಕೆತ್ತಿ ಹಾಸಿದವನು ಧೂಳಪ್ಪನೇ. ಗೃಹಪ್ರವೇಶಕ್ಕೆ ತಾನೇ ಬಂದು ಬಾರಿಸುತ್ತೇನೆಂದು ಮನೆಯವರಿಗೆ ಮಾತು ಕೊಟ್ಟಿದ್ದ. ಹೋಗುವುದು ಬೇಡವೆಂದು ನಾವೆಲ್ಲ ತೀರ್ಮಾನಿಸಿದಾಗ ಅವನು ಸೊಟ್ಟ ಬಾಯಿಂದ, ತೊದಲುತ್ತ, ಒಂದೊಂದೇ ಮಾತು ಆಡಿದ: “ಹೋಗ್ರಿ. ಮಾತ ಕೊಟ್ಟೀನಿ. ಸುಳ್ಳಾಗಬಾರದು.” ಹೀಗೆ ನಾವು ಹೊರಟೆವು. ಅವನ ಬದಲಿಗೆ ಗುಂಡಗುರ್ತಿಯ ಢೋಲಕಿನ ರೇವಣ್ಣನನ್ನು ಕರೆದುಕೊಂಡೆವು.

ರೇವಣ್ಣ ಒಳ್ಳೆಯ ಕಲಾವಿದ, ಆದರೆ ನಮ್ಮ ಪದಗಳು ಅವನಿಗೆ ಹೊಸವು. ಮಧ್ಯಾಹ್ನ ಒಮ್ಮೆ ಕೂಡಿ ಅಭ್ಯಾಸ ಮಾಡಿದೆವು. ಏಳು ಮಾತ್ರೆಯ, ಧೂಳಪ್ಪನಿಗೆ ಬಹಳ ಪ್ರೀತಿಯ ಪದವೊಂದನ್ನು ಅವನ ಅನುಕೂಲಕ್ಕಾಗಿ ನಿಧಾನಿಸಬೇಕಾಯಿತು. ನಾನು ಒಂದೊಂದು ಮಾತ್ರೆಗೆ ಒಂದೊಂದು ಸಲ, ಪುಸ್ತಿಕೆ ಹೇಳುವಂತೆ ಒತ್ತಿ ವೇಗ ಹಿಡಿದೆ. ಪರದೆಯ ಮೇಲೆ ನೂರಾ ಇಪ್ಪತ್ತಾರು ಬಂತು. ಅಷ್ಟು ನಿಧಾನವಾಗಿ ನಾವು ಅದನ್ನು ಹಿಂದೆಂದೂ ಹಾಡಿರಲಿಲ್ಲ. ಆ ಸಂಖ್ಯೆಯನ್ನು ಪೆಟ್ಟಿಗೆಯ ನೆನಪಿನಲ್ಲಿ ಉಳಿಸಿದೆ. ಇನ್ನೊಂದು ಕೆಲಸವನ್ನೂ ಮಾಡಿದೆ, ಇದು ಮುಖ್ಯ: ಕುಳಿತಲ್ಲಿ ಮೊಣಕಾಲು ತಗಲಿ ವೇಗ ಕೆಡಬಾರದೆಂದು ಟ್ಯಾಪ್ ಗುಂಡಿಯ ಕೆಲಸವನ್ನೇ ಬದಲಿಸಿ, ಅದನ್ನು ಶ್ರುತಿ ನೋಡುವ ಟ್ಯೂನರಿಗೆ ಕೊಟ್ಟೆ. ಈಗ ಯಾರಾದರೂ ಅದನ್ನು ಮುಟ್ಟಿದರೆ ವೇಗ ಬದಲಾಗುವುದಿಲ್ಲ. ಗಿಟಾರಿನ ದನಿಯೇ ನಿಂತುಹೋಗುತ್ತದೆ.

ಸಂಜೆ ದೀಪ ಹಚ್ಚಿದರು. ಹೊಸ ಬಣ್ಣದ ವಾಸನೆ, ಒಳಗಿನಿಂದ ಹೂರಣದ ವಾಸನೆ. ಜಮಖಾನದ ಅಂಚಿನಾಚೆಗೆ ಧೂಳಪ್ಪ ಹಾಸಿದ ಕಲ್ಲುಗಳು, ಕೂದಲು ತೂರದಷ್ಟು ಹತ್ತಿರ ಹತ್ತಿರ. ಪೆಟ್ಟಿಗೆ ನನ್ನ ಮುಂದೆ ಇತ್ತು. ಅವನು ಕೂಡುವ ಜಾಗವನ್ನು ಹೇಳದೆಯೇ ಎಲ್ಲರೂ ಖಾಲಿ ಬಿಟ್ಟಿದ್ದೆವು. ರೇವಣ್ಣ ಅಕ್ಕನ ಆ ಬದಿಗೆ ಕುಳಿತಿದ್ದ. ಎರಡು ಪದ ಆದವು. ಮೂರನೆಯದು ಆ ಏಳು ಮಾತ್ರೆಯದು. ಮಾರ್ದನಿ ಮಾತ್ರೆ ಮಾತ್ರೆಗೂ ಸರಿಯಾಗಿ ಬೀಳುತ್ತಿತ್ತು. ಸರಿಯಾಗಿತ್ತು, ಆದರೆ ಗುರುಬಾಯಿ ಅಕ್ಕನ ದನಿ ಏಳುತ್ತಿರಲಿಲ್ಲ. ಅವಳು ಕಣ್ಣು ತೆರೆದು, ರೇವಣ್ಣನ ಕೈಯನ್ನೇ ನೋಡುತ್ತ, ಎಣಿಸಿ ಎಣಿಸಿ ಹಾಡುತ್ತಿದ್ದಳು.

ಎರಡನೆಯ ನುಡಿಗೆ ಬಂದಾಗ ಮಾರ್ದನಿ ಬದಲಾಯಿತು. ಮೊದಲು ಅದು ನನ್ನ ಕಿವಿಗೆ ಗೊತ್ತಾಯಿತು: ಸ್ವರ ಮಾತ್ರೆಯನ್ನು ಬಿಟ್ಟು ಸಂದಿಗೆ ಇಳಿಯಿತು, ನಡೆಯಿತು, ಆವರ್ತನದ ಮೊದಲಿಗೆ ಬಂದು ಕೂಡಿತು. ಅನಂತರ ಕಣ್ಣಿಗೆ: ಚುರುಕಾಗಿ ಮಿನುಗುತ್ತಿದ್ದ ಕೆಂಪು ದೀಪ ಈಗ ನಿಧಾನವಾಗಿ, ಉಸಿರಾಡುವಂತೆ ಮಿನುಗುತ್ತಿತ್ತು. ಪರದೆಯ ಮೇಲೆ ಐವತ್ತನಾಲ್ಕು. ನನ್ನ ಎರಡೂ ಕೈ ಗಿಟಾರಿನ ಮೇಲಿದ್ದವು, ಕಾಲುಗಳು ಮಡಚಿದ್ದವು. ಪೆಟ್ಟಿಗೆಯ ಹತ್ತಿರ ಬೇರೆ ಯಾರೂ ಇರಲಿಲ್ಲ. ರೇವಣ್ಣ ಒಂದು ಆವರ್ತನ ತಡವರಿಸಿದ, ಆಮೇಲೆ ಅವನ ಕೈ ಹಗುರಾಯಿತು. ಗುರುಬಾಯಿ ಅಕ್ಕ ನನ್ನ ಕಡೆ ನೋಡಿ, ನಾನೇ ಕೊನೆಗೂ ಸೋತು ಧೂಳಪ್ಪನಂತೆ ಒತ್ತಿದೆನೆಂದು ತಿಳಿದು ನಕ್ಕಳು, ಕಣ್ಣು ಮುಚ್ಚಿದಳು. ಆಮೇಲೆ ಅವಳು ಹಾಡಿದ್ದನ್ನು ತೆಂಗಳಿಯವರು ಈಗಲೂ ನೆನೆಯುತ್ತಾರೆ. ನನಗೆ ಅಂಜಿಕೆ ಆಗಲಿಲ್ಲ. ಬಹಳ ದಿನಗಳ ಮೇಲೆ ಮಂಡಳಿ ಪೂರ್ತಿಯಾಗಿ ಕುಳಿತಂತೆ ಅನಿಸಿತು, ಅಷ್ಟೇ.

ಪದ ಮುಗಿದೊಡನೆ ನಾನು ಪೆಟ್ಟಿಗೆಯನ್ನು ಪರೀಕ್ಷಿಸಿದೆ. ಉಳಿಸಿದ ಸಂಖ್ಯೆ ಇನ್ನೂ ನೂರಾ ಇಪ್ಪತ್ತಾರೇ ಇತ್ತು. ಅದರ ಮೇಲೆ ಯಾರೋ ಬದಲಾವಣೆ ಮಾಡಿದ್ದಾರೆಂಬ ಗುರುತು ಪರದೆಯ ಮೂಲೆಯಲ್ಲಿ ಇತ್ತು. ಆ ಐವತ್ತನಾಲ್ಕನ್ನು ಬೇರೊಂದು ಜಾಗದಲ್ಲಿ ಉಳಿಸಿಕೊಂಡೆ. ಟ್ಯಾಪ್ ಗುಂಡಿ ಒತ್ತಿದೆ. ಟ್ಯೂನರ್ ತೆರೆದುಕೊಂಡಿತು, ದನಿ ನಿಂತಿತು. ವಾಡಿಯ ಗೆಳೆಯನೊಬ್ಬ ಇದು ಕರೆಂಟಿನ ಏರಿಳಿತವೆಂದ. ಕರೆಂಟು ಹೋಗಿ ಬಂದರೆ ಪೆಟ್ಟಿಗೆ ಉಳಿಸಿದ ಸಂಖ್ಯೆಗೇ ಮರಳುತ್ತದೆ. ಅಡಾಪ್ಟರ್ ಕಿತ್ತು ಹಾಕಿ ಹಲವು ಸಲ ನೋಡಿದ್ದೇನೆ. ಪೆಟ್ಟಿಗೆಯ ವೇಗದ ತಿರುಗುಣಿಯನ್ನು ಯಾರಾದರೂ ಕೈಯಿಂದ ತಿರುಗಿಸಿದ್ದರೆ ಸ್ವರ ಜಗ್ಗಾಡಿ ಎಲ್ಲರಿಗೂ ಕೇಳಿಸುತ್ತಿತ್ತು. ಸೇಡಂನ ಸಂಗೀತ ಮಾಸ್ತರರೊಬ್ಬರು ಇದು ಧೂಳಪ್ಪ ಹಿಂದೆ ಒತ್ತಿದ್ದರ ಹಳೆಯ ನೆನಪು, ಪೆಟ್ಟಿಗೆ ಹೊರಹಾಕಿತು ಎಂದರು. ಕೇಳಲು ಚೆನ್ನಾಗಿದೆ. ಆದರೆ ಹಳೆಯ ನೆನಪಾದರೆ ಅರವತ್ತು ಬರಬೇಕಿತ್ತು. ಐವತ್ತನಾಲ್ಕು ಆ ಪೆಟ್ಟಿಗೆಯಲ್ಲಿ ಹಿಂದೆಂದೂ ಇರಲಿಲ್ಲ. ಅದು ನೂರಾ ಇಪ್ಪತ್ತಾರರ ಏಳರಲ್ಲಿ ಮೂರು ಪಾಲು. ಅಂದಿನ ವೇಗವನ್ನು ಅಂದೇ ಕೇಳಿ, ಧೂಳಪ್ಪನ ತಪ್ಪನ್ನೇ ಮಾಡಿ ಒತ್ತಿದವರಿಗೆ ಮಾತ್ರ ಅದು ಬರುತ್ತದೆ.

ಜನ ಇನ್ನೊಂದು ಹೇಳುತ್ತಾರೆ: ಪೆಟ್ಟಿಗೆ ಅವನು ಕೆತ್ತಿದ ಕಲ್ಲಿನ ಮೇಲಿತ್ತು, ಅದಕ್ಕೇ ಹಾಗಾಯಿತು ಎಂದು. ನಡುವೆ ಜಮಖಾನ ಇತ್ತು, ಮೇಲಾಗಿ ಆ ಪೆಟ್ಟಿಗೆಗೆ ಕಲ್ಲಿನ ಮಾತು ಕೇಳುವ ಕಿವಿ ಇಲ್ಲ. ಆದರೂ ಮರುದಿನ ಹೊರಡುವ ಮುಂಚೆ ಆ ಕಲ್ಲನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಿದೆ. ಏನೂ ಆಗಲಿಲ್ಲ.

ತೆಂಗಳಿಯಿಂದ ನಾನು ಮತ್ತು ಗುರುಬಾಯಿ ಅಕ್ಕ ನೇರವಾಗಿ ಆಸ್ಪತ್ರೆಗೆ ಹೋದೆವು. ಒತ್ತಿದವನು ನಾನಲ್ಲ ಎಂಬುದನ್ನು ದಾರಿಯಲ್ಲೇ ಅಕ್ಕನಿಗೆ ತಿಳಿಸಿ, ಅಲ್ಲಿ ಅದರ ಬಗ್ಗೆ ಒಂದು ಮಾತೂ ಆಡಬಾರದೆಂದು ಹೇಳಿಟ್ಟಿದ್ದೆ. ನಾವು ಹೇಳುವ ಪ್ರಸಂಗವೇ ಬರಲಿಲ್ಲ. ನೀಲಮ್ಮ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡಳು.

“ಅಣ್ಣಾರ, ನಿನ್ನಿ ಲೈಟ್ ಹಚ್ಚೋ ಹೊತ್ತಿಗಿ ಇವರ ಬೆರಳು ಆಡಾಕತ್ವರಿ. ಮಂಚದ ಪಟ್ಟಿಗಿ ಟಕ್ ಟಕ್ ಅಂತ ಬಡದ್ರು. ನಾ ಅಂಜಿ ಸಿಸ್ಟರ್‌ಗಿ ಕರದೆ. ಆಕಿ ನೋಡಿ ನಕ್ಕಳು. ಕೈ ಬರಾಕತ್ತದ ಅಂದಳ್ರಿ.”

ಹೇಗೆ ಬಡಿದ ಎಂದು ಕೇಳಿದೆ. ಅವಳು ಡಬ್ಬಿಯ ಮುಚ್ಚಳದ ಮೇಲೆ ಬೆರಳಿನಿಂದ ತೋರಿಸಿದಳು: ಒಂದು ಉದ್ದ, ಎರಡು ಗಿಡ್ಡ. ಗುರುಬಾಯಿ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋಗಿ ನಿಂತಳು.

ಇಲ್ಲಿಯೂ ನಾನು ಪ್ರಾಮಾಣಿಕನಾಗಿರಬೇಕು. ನೀಲಮ್ಮ ಹರೆಯದಿಂದಲೂ ಆ ತಾಳವನ್ನು ಮನೆಯಲ್ಲಿ ಕೇಳಿದವಳು; ಬೆರಳು ಸುಮ್ಮನೆ ಅದುರಿದ್ದನ್ನೇ ತಾಳವೆಂದು ಕೇಳಿರಬಹುದು. ದೀಪ ಹಚ್ಚುವ ಹೊತ್ತು ಕಲಬುರಗಿಯಲ್ಲೂ ತೆಂಗಳಿಯಲ್ಲೂ ಒಂದೇ, ಆದರೆ ಆ ಗಳಿಗೆಯಲ್ಲಿ ಗಡಿಯಾರವನ್ನು ಅವಳೂ ನೋಡಲಿಲ್ಲ, ನಾನೂ ನೋಡಲಿಲ್ಲ. ಹಾಸಿಗೆಯ ಮೇಲೆ ಒಬ್ಬನ ಬೆರಳು ಆಡುವುದಕ್ಕೂ ಬೇರೆ ಊರಿನಲ್ಲಿ ಒಂದು ಪೆಟ್ಟಿಗೆಯ ಸಂಖ್ಯೆ ಬದಲಾಗುವುದಕ್ಕೂ ನಡುವೆ ಇರಬಹುದಾದ ತಂತಿ ಯಾವುದೆಂದು ನನಗೆ ತಿಳಿಯದು. ತಂತಿಗಳ ನಡುವೆಯೇ ಆಯುಷ್ಯ ಕಳೆದವನು ಹೇಳುತ್ತಿದ್ದೇನೆ: ಅಂಥ ತಂತಿ ಇಲ್ಲ. ಸಂಖ್ಯೆ ಮಾತ್ರ ಬದಲಾಗಿತ್ತು.

ಧೂಳಪ್ಪನ ಮಾತು ಪೂರ್ತಿ ತಿಳಿಯಾದ ಮೇಲೆ, ಮನೆಯ ಕಟ್ಟೆಯ ಮೇಲೆ ಕುಳಿತಾಗ, ಅವನನ್ನೇ ಕೇಳಿದೆ. ಆ ಸಂಜೆ ಏನು ನೆನಪಿದೆ ಎಂದೆ.

“ನಿದ್ದಿ ಹತ್ತಿತ್ತು,” ಎಂದ. “ನೀ ಅಲ್ಲಿ ಮಾತ್ರಿ ಮಾತ್ರಿ ಕುಟಗೋತ ಕುಂತಿದ್ದಿ. ನನಗ ಸುಮ್ಮ ಮಲಗಲಿಕ್ಕ ಆಗಲಿಲ್ಲ.”

ಅದು ತಮಾಷೆಯೇ ಎಂದು ಕೇಳಿದೆ. ಅವನು ನಕ್ಕ. ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನಮ್ಮ ಗೆಳೆತನದಲ್ಲಿ ಅವನು ನನ್ನ ಒಂದು ಪ್ರಶ್ನೆಗೆ ಎಂದಾದರೂ ನೇರವಾಗಿ ಉತ್ತರಿಸಿದ್ದರೆ ನಾನು ಇದನ್ನೂ ಒಂದು ಉತ್ತರವೆಂದು ತೆಗೆದುಕೊಳ್ಳುತ್ತಿದ್ದೆ.

ಕೈ ಪೂರ್ತಿ ಮರಳಲಿಲ್ಲ. ದೊಡ್ಡ ಸುತ್ತಿಗೆಯನ್ನು ಅವನು ಈಗ ಎತ್ತುವುದಿಲ್ಲ. ಅಂಚು ಕೆತ್ತುವ ಸಣ್ಣದನ್ನು ಎತ್ತುತ್ತಾನೆ, ಹಗುರಾದ ಪದಗಳಿಗೆ ತಬಲಾ ಬಾರಿಸುತ್ತಾನೆ. ಗುಂಡಿಗೆ ಅದರ ಹಳೆಯ ಕೆಲಸವನ್ನು ಮರಳಿ ಕೊಟ್ಟಿದ್ದೇನೆ. ಭಜನೆಯಲ್ಲಿ ಅದನ್ನು ಒತ್ತುವವನು ಅವನೇ. ನಾನು ತಂತಿ ಬಿಗಿಯುವ ನೆವದಿಂದ ಬಗ್ಗಿ ಕುಳಿತಿರುತ್ತೇನೆ.

ಹೋದ ತಿಂಗಳು ಸೇಡಂನಿಂದ ಇಬ್ಬರು ಈ ಕತೆಯನ್ನು ಕೇಳಿ, ಬಿಳಿ ಧೋತರದ ದೆವ್ವ ಬಂದ ಪೆಟ್ಟಿಗೆಯನ್ನು ನೋಡಬೇಕೆಂದು ಹುಡುಕಿಕೊಂಡು ಬಂದರು. ನಾನು ಅವರನ್ನು ಭಂಕೂರಿಗೆ ಕರೆದೊಯ್ದೆ. ಧೂಳಪ್ಪ ಕಟ್ಟೆಯ ಮೇಲಿದ್ದ.

“ಸತ್ತಾವ ನಾನs ರಿ. ಬರ್ರಿ, ಕುಂದ್ರಿ. ಚಾ ಕುಡೀರಿ,” ಎಂದ.

ಯಾರು ಬೇಕಾದರೂ ಬರಬಹುದು. ಪೆಟ್ಟಿಗೆಯಲ್ಲಿ ಆ ಐವತ್ತನಾಲ್ಕು ಇನ್ನೂ ಇದೆ, ಆದರೆ ಅದನ್ನು ಸಾಕ್ಷಿಯೆಂದು ಮುಂದಿಡಲಾರೆ. ಅಲ್ಲಿ ಅದನ್ನು ಉಳಿಸಿದವನು ನಾನೇ. ನಂಬದವರು ಕಟ್ಟೆಯ ಮೇಲೆ ಅವನ ಬಲಕ್ಕೆ ಕುಳಿತು ಏಳು ಮಾತ್ರೆಯ ಯಾವುದಾದರೊಂದು ಪದವನ್ನು ಮೆಲ್ಲಗೆ ಗುನುಗಬೇಕು. ಧೂಳಪ್ಪ ಚಹಾ ಕುಡಿಯುತ್ತ ಬೇರೇನೋ ಮಾತಾಡುತ್ತಿರುತ್ತಾನೆ, ನಿಮ್ಮ ಕಡೆ ನೋಡುವುದೂ ಇಲ್ಲ. ಆ ಕೈ ಮಾತ್ರ ಕಲ್ಲಿನ ಮೇಲೆ ಬಡಿಯತೊಡಗುತ್ತದೆ: ಒಂದು ಉದ್ದ, ಎರಡು ಗಿಡ್ಡ.